ಮಹಾಯುದ್ಧಕ್ಕೆ ಹೋದ ಹಿರಿಯರ ಸೇನಾ ದಾಖಲೆ ಹುಡುಕುವುದು ಹೇಗೆ: ಕನ್ನಡ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಮೊದಲನೆಯ ಮಹಾಯುದ್ಧದಲ್ಲಿ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಮಂದಿ ಸಿಪಾಯಿಗಳಾಗಿ, ಸವಾರರಾಗಿ, ಕೂಲಿ ಪಡೆಯವರಾಗಿ, ಆಸ್ಪತ್ರೆಯ ಸಹಾಯಕರಾಗಿ ಸೇವೆ ಸಲ್ಲಿಸಿದರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷಕ್ಕೆ ಏರಿತ್ತು. ಇವರಲ್ಲಿ ಕನ್ನಡನಾಡಿನ ಊರುಗಳಿಂದ ಹೋದವರ ಮನೆಗಳಲ್ಲಿ ಇಂದು ಉಳಿದಿರುವುದು ಹೆಚ್ಚಾಗಿ "ತಾತ ಬರ್ಮಾ ಕಡೆ ಹೋಗಿದ್ದರಂತೆ", "ಮುತ್ತಾತ ಬಸ್ರಾದಲ್ಲಿದ್ದರಂತೆ" ಎಂಬ ಒಂದೆರಡು ಮಾತು, ಗೋಡೆಯ ಮೇಲೊಂದು ಮಸುಕಾದ ಫೋಟೋ, ಇಲ್ಲವೇ ಕಬ್ಬಿಣದ ಟ್ರಂಕಿನ ತಳದಲ್ಲಿ ರಿಬ್ಬನ್ನು ಕಳೆದುಕೊಂಡ ಒಂದು ಪದಕ. ಇಷ್ಟರಿಂದ ಹೊರಟು ಅವರ ಸೇವೆಯ ನಿಜವಾದ ವಿವರಗಳನ್ನು ಪತ್ತೆ ಹಚ್ಚುವುದು ಸಾಧ್ಯವಿದೆ, ಆದರೆ ದಾರಿ ನೇರವಾಗಿಲ್ಲ.

ಬ್ರಿಟನ್ನಿನ ಸೈನಿಕರ ವಂಶಸ್ಥರಿಗೆ ಹೆಸರು ಹಾಕಿದರೆ ಸೇವಾ ಕಡತ ಸಿಗುವಂತಹ ವ್ಯವಸ್ಥೆ ಸಾಕಷ್ಟು ಮಟ್ಟಿಗೆ ಇದೆ. ಭಾರತೀಯ ಸಿಪಾಯಿಯ ವೈಯಕ್ತಿಕ ಕಡತ ಅಲ್ಲಿಗೆ ಹೋಗಲೇ ಇಲ್ಲ. ಅದು ಆತನ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿತ್ತು, ಅನೇಕ ಸಂದರ್ಭಗಳಲ್ಲಿ ಕಾಲಮಿತಿ ಮುಗಿದ ಮೇಲೆ ನಾಶವೂ ಆಗಿದೆ. ಆದ್ದರಿಂದ ವಂಶಾವಳಿ ಹುಡುಕಿಕೊಡುವ ವಿದೇಶಿ ಜಾಲತಾಣಗಳಿಗೆ ಚಂದಾ ಕಟ್ಟುವುದಕ್ಕೆ ಮುಂಚೆ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಈ ಹುಡುಕಾಟದಲ್ಲಿ ವ್ಯಕ್ತಿಯ ಹೆಸರು ಅತ್ಯಂತ ದುರ್ಬಲವಾದ ಸುಳಿವು. ಸೇನಾ ಸಂಖ್ಯೆ ಮತ್ತು ಪಡೆಯ ಹೆಸರು ಇವೆರಡೇ ಗಟ್ಟಿಯಾದ ಆಧಾರ. ಮುಂದೆ ವಿವರಿಸುವ ಹೆಜ್ಜೆಗಳೆಲ್ಲ ಮೊದಲು ಇವೆರಡನ್ನು ಸಂಪಾದಿಸಿ, ಆಮೇಲೆ ಅವುಗಳ ಬೆನ್ನು ಹತ್ತಿ ಹೋಗುವ ಕ್ರಮದಲ್ಲಿವೆ.

ಮೊದಲ ಹೆಜ್ಜೆ: ಮನೆಯಲ್ಲಿರುವುದನ್ನು ಒಟ್ಟುಗೂಡಿಸುವುದು

ಸೇನೆಯಿಂದ ಹೊರಬಂದ ಪ್ರತಿಯೊಬ್ಬ ಸೈನಿಕನಿಗೂ ಕೊಡಲಾಗುತ್ತಿದ್ದ ಡಿಸ್ಚಾರ್ಜ್ ಪುಸ್ತಕ ಅಥವಾ ಡಿಸ್ಚಾರ್ಜ್ ಸರ್ಟಿಫಿಕೇಟ್ ಎಲ್ಲಕ್ಕಿಂತ ಮುಖ್ಯವಾದ ಕಾಗದ. ಅದರಲ್ಲಿ ಸೇನಾ ಸಂಖ್ಯೆ, ದರ್ಜೆ, ಪಡೆ, ತಂದೆಯ ಹೆಸರು, ಊರು, ತಾಲ್ಲೂಕು, ಭರ್ತಿಯಾದ ಮತ್ತು ಬಿಡುಗಡೆಯಾದ ದಿನಾಂಕಗಳು, ಬಿಡುಗಡೆಗೆ ಕಾರಣ, ಪಡೆದ ಪದಕಗಳು ಮತ್ತು ಮೈಮೇಲಿನ ಗುರುತುಗಳು ಇರುತ್ತವೆ. ಅದು ಹಿರಿಯ ಮಗನ ಮನೆಯಲ್ಲಿಯೇ ಇರಬೇಕೆಂದಿಲ್ಲ. ಪಿಂಚಣಿಗಾಗಿ ಓಡಾಡಿದ ಅಜ್ಜಿ ಯಾವ ಮಗಳ ಮನೆಯಲ್ಲಿ ಕೊನೆಯ ದಿನಗಳನ್ನು ಕಳೆದರೋ ಆ ಮನೆಯಲ್ಲಿ ಇಂತಹ ಕಾಗದಗಳು ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ದೊಡ್ಡಪ್ಪ, ಚಿಕ್ಕಪ್ಪಂದಿರನ್ನು ಕೇಳಿ ನಿಲ್ಲಿಸದೆ ಸೋದರತ್ತೆಯರನ್ನೂ ಅವರ ಮಕ್ಕಳನ್ನೂ ಕೇಳಬೇಕು. ಪಿಂಚಣಿ ಮಂಜೂರಾತಿ ಆದೇಶ, ಮನಿಯಾರ್ಡರ್ ರಸೀದಿ, ಸೇನಾ ಅಂಚೆಯ ಮುದ್ರೆಯಿರುವ ಪತ್ರ, ಸಮವಸ್ತ್ರದಲ್ಲಿ ತೆಗೆಸಿದ ಫೋಟೋ, ಇವೆಲ್ಲದರ ಎರಡೂ ಬದಿಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು; ಫೋಟೋದ ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯಿದ್ದರೆ ಆತ ಆಗ ಎಲ್ಲಿ ಬೀಡುಬಿಟ್ಟಿದ್ದನೆಂಬುದು ಗೊತ್ತಾಗುತ್ತದೆ.

ಜಮೀನಿನ ಕಾಗದಗಳನ್ನು ಈ ಕೆಲಸಕ್ಕೆ ಬಳಸುವವರು ಕಡಿಮೆ, ಆದರೆ ನನ್ನ ದೃಷ್ಟಿಯಲ್ಲಿ ಕರ್ನಾಟಕದ ಕುಟುಂಬಗಳಿಗೆ ಅದೊಂದು ಬೆಲೆಯುಳ್ಳ ಮೂಲ. ಮಾಜಿ ಸೈನಿಕರಿಗೆ ಸರ್ಕಾರಿ ಜಮೀನು ಮಂಜೂರು ಮಾಡುವ ಪದ್ಧತಿ ಇದ್ದುದರಿಂದ, ಮನೆತನದ ಯಾವುದಾದರೂ ತುಂಡು ಜಮೀನು "ಮಿಲಿಟರಿ ಕೋಟಾದಲ್ಲಿ ಬಂದದ್ದು" ಎಂಬ ಮಾತಿದ್ದರೆ ಅದರ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಮಂಜೂರಾತಿ ಕಡತ, ಸಾಗುವಳಿ ಚೀಟಿ ಮತ್ತು ಮ್ಯುಟೇಶನ್ ದಾಖಲೆಗಳ ನಕಲಿಗೆ ಅರ್ಜಿ ಕೊಡಬೇಕು. ಅರ್ಜಿದಾರ ಮಾಜಿ ಸೈನಿಕನೆಂದು ತೋರಿಸಲು ಅಂದು ಲಗತ್ತಿಸಿದ ಡಿಸ್ಚಾರ್ಜ್ ಸರ್ಟಿಫಿಕೇಟಿನ ಪ್ರತಿ ಆ ಕಡತದೊಳಗೆ ಉಳಿದಿರಬಹುದು. ಮನೆಯ ಮೂಲ ಪ್ರತಿ ಗೆದ್ದಲು ಹಿಡಿದು ಹೋಗಿದ್ದರೂ ಸರ್ಕಾರದ ಕಟ್ಟಿನಲ್ಲಿ ಅದರ ನಕಲು ಸಿಗಬಹುದು.

ಪದಕವನ್ನು ಓದುವುದು

ಕಾಗದ ಯಾವುದೂ ಸಿಗದೆ ಪದಕ ಮಾತ್ರ ಸಿಕ್ಕಿದರೆ ನಿರಾಶರಾಗಬೇಕಿಲ್ಲ. ಮೊದಲು, ಅದನ್ನು ಹೊಳೆಯುವಂತೆ ಮಾಡಲು ಹುಣಸೆಹಣ್ಣು ಹಾಕಿ ಉಜ್ಜಬಾರದು. ಅಂಚಿನಲ್ಲಿ ಒತ್ತಿದ ಸಣ್ಣ ಅಕ್ಷರಗಳು ಉಜ್ಜಿದಷ್ಟೂ ಸವೆಯುತ್ತವೆ. ಮೊದಲನೆಯ ಮಹಾಯುದ್ಧದ ದುಂಡನೆಯ ಪದಕಗಳ ಅಂಚಿನ ಸುತ್ತ ಸಂಖ್ಯೆ, ದರ್ಜೆ, ಹೆಸರು ಮತ್ತು ಪಡೆಯ ಸಂಕ್ಷಿಪ್ತ ಹೆಸರನ್ನು ಒತ್ತಲಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ನಕ್ಷತ್ರಾಕಾರದ ಪದಕಗಳ ಮೇಲೆ ಹೆಸರಿಲ್ಲ; ಆದರೆ ಭಾರತೀಯರಿಗೆ ಕೊಟ್ಟ ನಕ್ಷತ್ರಗಳ ಹಿಂಬದಿಯಲ್ಲಿ ಸಂಖ್ಯೆ, ದರ್ಜೆ, ಹೆಸರು ಮತ್ತು ಪಡೆಯನ್ನು ಮುದ್ರಿಸಲಾಯಿತು. ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು, ಪದಕವನ್ನು ನಿಧಾನವಾಗಿ ತಿರುಗಿಸುತ್ತ ಒಂದೊಂದೇ ಅಕ್ಷರವನ್ನು ಕಂಡಂತೆಯೇ ಬರೆದುಕೊಳ್ಳಬೇಕು. ಸಂಖ್ಯೆಯ ಹಿಂದೆ ಇಂಗ್ಲಿಷ್ ಅಕ್ಷರಗಳಿದ್ದರೆ ಅವೂ ಸಂಖ್ಯೆಯ ಭಾಗವೇ. ಓದಲಾಗದ ಅಕ್ಷರವಿದ್ದ ಕಡೆ ಊಹಿಸಿ ತುಂಬಿಸದೆ ಜಾಗ ಬಿಡಬೇಕು.

ಪದಕದ ಬಗೆಯೂ ಬಹಳಷ್ಟನ್ನು ಹೇಳುತ್ತದೆ. ಆಫ್ರಿಕಾ ಸ್ಟಾರ್ ಇದ್ದರೆ 1940ರ ಜೂನ್ 10ರಿಂದ 1943ರ ಮೇ 12ರ ನಡುವೆ ಉತ್ತರ ಅಥವಾ ಪೂರ್ವ ಆಫ್ರಿಕಾದ ರಣರಂಗದಲ್ಲಿ ಸೇವೆ ನಡೆದಿದೆ. ಇಟಲಿ ಸ್ಟಾರ್ 1943ರ ಜೂನ್ 11ರಿಂದ 1945ರ ಮೇ 8ರವರೆಗಿನ ಇಟಲಿ ಮತ್ತು ಸುತ್ತಲಿನ ಕಾರ್ಯಾಚರಣೆಗೆ, ಬರ್ಮಾ ಸ್ಟಾರ್ 1941ರ ಡಿಸೆಂಬರ್ 11ರ ನಂತರದ ಬರ್ಮಾ ರಣರಂಗಕ್ಕೆ ಸಲ್ಲುತ್ತದೆ. ಮಲಯ, ಸಿಂಗಪುರಗಳಲ್ಲಿ ಹೋರಾಡಿದವರಿಗೆ ಸಿಕ್ಕಿದ್ದು ಪೆಸಿಫಿಕ್ ಸ್ಟಾರ್. ಇಂಡಿಯಾ ಸರ್ವಿಸ್ ಮೆಡಲ್ ಭಾರತದಲ್ಲಿಯೇ ಮೂರು ವರ್ಷ ಯುದ್ಧರಂಗದ ಹೊರಗೆ ದುಡಿದವರಿಗೆ ಕೊಟ್ಟದ್ದು. ಅದನ್ನು ಕಂಡು ಮನೆಯವರ "ಬರ್ಮಾ" ಕಥೆ ಸುಳ್ಳೆಂದು ತೀರ್ಮಾನಿಸಬಾರದು, ಏಕೆಂದರೆ ಅರ್ಹರಾಗಿದ್ದ ಅನೇಕರು ಯುದ್ಧ ಮುಗಿದ ಮೇಲೆ ತಮ್ಮ ಪದಕಗಳನ್ನು ಕೇಳಿ ಪಡೆಯಲೇ ಇಲ್ಲ. ಪದಕ ಇದ್ದರೆ ಸೇವೆಗೆ ಸಾಕ್ಷಿ. ಇಲ್ಲದಿದ್ದರೆ ಅದು ಯಾವುದಕ್ಕೂ ಸಾಕ್ಷಿಯಲ್ಲ.

ಊರು ಅಂದು ಯಾರ ಆಡಳಿತದಲ್ಲಿತ್ತು?

ಇಂದಿನ ಕರ್ನಾಟಕ ಅಂದು ಒಂದಾಗಿರಲಿಲ್ಲ, ಹುಡುಕಾಟದ ದಿಕ್ಕನ್ನು ನಿರ್ಧರಿಸುವುದೂ ಇದೇ. ಹಳೆಯ ಮೈಸೂರು ಸಂಸ್ಥಾನದವರು ಮಹಾರಾಜರ ಸ್ವಂತ ಪಡೆಗೆ ಸೇರಿರಬಹುದು, ಇಲ್ಲವೇ ಬೆಂಗಳೂರು ದಂಡಿನಲ್ಲಿ ಭರ್ತಿಯಾಗಿ ಬ್ರಿಟಿಷ್ ಇಂಡಿಯಾದ ಸೇನೆಗೆ ಸೇರಿರಬಹುದು. ಈ ಎರಡರ ದಾಖಲೆಗಳು ಬೇರೆ ಬೇರೆ ಕಡೆ ಇವೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು, ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿತ್ತು. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಕೊಡಗು ಪ್ರತ್ಯೇಕ ಆಡಳಿತವಾಗಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನವರಿಗಾಗಿಯೇ ಕೂರ್ಗ್ ಬೆಟಾಲಿಯನ್ ರಚನೆಯಾಗಿ, ಆಮೇಲೆ ಅದು ಫಿರಂಗಿ ದಳವಾಗಿ ಬದಲಾಯಿತು.

ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಒಂದು ಗೊಂದಲದ ಬಗ್ಗೆ ಎಚ್ಚರವಾಗಿರಬೇಕು. ಕಾಗದದಲ್ಲಿ "19ನೇ ಹೈದರಾಬಾದ್ ರೆಜಿಮೆಂಟ್" ಎಂದಿದ್ದರೆ ಅದು ನಿಜಾಮರ ಸಂಸ್ಥಾನದ ಪಡೆಯಲ್ಲ. ಅದು ಬ್ರಿಟಿಷ್ ಇಂಡಿಯಾದ ಸೇನೆಯ ರೆಜಿಮೆಂಟ್, 1945ರಲ್ಲಿ ಕುಮಾವೂನ್ ರೆಜಿಮೆಂಟ್ ಎಂದು ಹೆಸರು ಬದಲಿಸಿಕೊಂಡಿತು. ಮಲಯದ ಕೋಟಾ ಬಾರು ವಿಮಾನ ನಿಲ್ದಾಣದ ಕಾವಲಿಗೆ ಹೋದ "1ನೇ ಹೈದರಾಬಾದ್ ಇನ್‌ಫೆಂಟ್ರಿ" ನಿಜಾಮರ ಸಂಸ್ಥಾನದ ಪಡೆ. ಒಂದೇ ಊರಿನ ಹೆಸರು ಹೊತ್ತ ಈ ಎರಡು ಪಡೆಗಳನ್ನು ಬೆರೆಸಿದರೆ ತಿಂಗಳುಗಟ್ಟಲೆ ತಪ್ಪು ಕಚೇರಿಗೆ ಪತ್ರ ಬರೆಯುವಂತಾಗುತ್ತದೆ.

ಮೈಸೂರು ಸಂಸ್ಥಾನದ ಪಡೆಗಳಲ್ಲಿ ಎರಡನ್ನು ವಿಶೇಷವಾಗಿ ತಿಳಿದಿರಬೇಕು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ಪಡೆ 1914ರಲ್ಲಿ ಹೊರಟು ಸೂಯೆಜ್ ಕಾಲುವೆ, ಪ್ಯಾಲೆಸ್ಟೈನ್‌ಗಳಲ್ಲಿ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ ಭಾಗವಾಗಿ ಹೋರಾಡಿತು; 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು, ಮರು ತಿಂಗಳ 26ರಂದು ಅಲೆಪ್ಪೊ ಬಳಿಯ ಹರಿತಾನಿನಲ್ಲಿ ಮತ್ತೆ ಹೋರಾಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ. ಎರಡನೆಯ ಮಹಾಯುದ್ಧದಲ್ಲಿ 1ನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿದ್ದು, 1942ರ ಫೆಬ್ರುವರಿ 15ರ ಶರಣಾಗತಿಯಲ್ಲಿ ಜಪಾನೀಯರ ಸೆರೆಯಾಯಿತು. ಸ್ವಾತಂತ್ರ್ಯಾನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದಾಗ ಲ್ಯಾನ್ಸರ್ಸ್‌ನ ಪರಂಪರೆ 61ನೇ ಕ್ಯಾವಲ್ರಿಗೂ, ಮೈಸೂರು ಇನ್‌ಫೆಂಟ್ರಿಯದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ನಿಗೂ ಸೇರಿತು.

ಸಂಸ್ಥಾನದ ಕಾಲದ ಸೇನಾ ಇಲಾಖೆಯ ಕಡತಗಳಿಗಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನೂ ಅದರ ಮೈಸೂರು ವಿಭಾಗೀಯ ಕಚೇರಿಯನ್ನೂ ನೋಡಬೇಕು. ಅಲ್ಲಿ ವ್ಯಕ್ತಿಯ ಹೆಸರಿನಲ್ಲಿ ಕಡತ ಕೇಳುವುದಕ್ಕಿಂತ, ಪಡೆಯ ಹೆಸರು ಮತ್ತು ವರ್ಷ ಹಿಡಿದು ಸೂಚಿ ತಿರುವಿ ಹಾಕುವುದು ಒಳ್ಳೆಯದು: ಯುದ್ಧಕ್ಕೆ ಹೋದವರ ಕುಟುಂಬಗಳಿಗೆ ಕೊಟ್ಟ ಭತ್ಯೆ, ಸತ್ತವರ ಹೆಂಡಂದಿರಿಗೆ ಮಂಜೂರಾದ ಪಿಂಚಣಿ, ಕಂದಾಯ ರಿಯಾಯಿತಿಯಂತಹ ವಿಷಯಗಳ ಕಡತಗಳಲ್ಲಿ ಸಿಪಾಯಿಗಳ ಹೆಸರುಗಳು ಸಿಗುತ್ತವೆ. ಹಳೆಯ ಮುಂಬಯಿ, ಮದ್ರಾಸ್, ಹೈದರಾಬಾದ್ ಭಾಗದವರಿಗೆ ಕ್ರಮವಾಗಿ ಮುಂಬಯಿ, ಚೆನ್ನೈ ಮತ್ತು ಹೈದರಾಬಾದಿನ ರಾಜ್ಯ ಪತ್ರಾಗಾರಗಳು ಇದೇ ಕೆಲಸಕ್ಕೆ ಬರುತ್ತವೆ.

ಹೆಸರಿನ ಕಾಗುಣಿತ

ಭರ್ತಿ ಕಚೇರಿಯ ಗುಮಾಸ್ತ ಕನ್ನಡ ಬಲ್ಲವನಾಗಿರಬೇಕೆಂದಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡ. ಲಿಂಗಯ್ಯನ ಕೊನೆಯ "ಯ್ಯ"ವನ್ನು ಒಬ್ಬ ಐ-ಎ-ಎಚ್ ಎಂದು ಬರೆದರೆ ಇನ್ನೊಬ್ಬ ವೈ-ವೈ-ಎ ಎಂದೂ, ಮತ್ತೊಬ್ಬ ಒಂದೇ ವೈ ಹಾಕಿಯೂ ಬರೆದಿದ್ದಾನೆ. ಗಂಗಪ್ಪನಲ್ಲಿ ಎ ಬದಲು ಯು ಬಂದಿರುತ್ತದೆ, ಮುನಿಯಪ್ಪನಲ್ಲಿ ಯು ಬದಲು ಎರಡು ಓ ಬಂದಿರುತ್ತವೆ, ಕೊನೆಯ ಎರಡು ಪಿಗಳಲ್ಲಿ ಒಂದು ಬಿಟ್ಟುಹೋಗಿರುತ್ತದೆ. ಇನಿಷಿಯಲ್ ಕೆಲವೊಮ್ಮೆ ಊರಿನದು, ಕೆಲವೊಮ್ಮೆ ತಂದೆಯದು, ಬಹಳ ಸಲ ಇರುವುದೇ ಇಲ್ಲ. ಆದ್ದರಿಂದ ಹುಡುಕುವ ಮೊದಲು ಹೆಸರಿನ ಸಾಧ್ಯವಿರುವ ರೂಪಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದನ್ನೇ ಪರೀಕ್ಷಿಸಬೇಕು. ಜಿಲ್ಲೆಗಳಿಗೂ ಹಳೆಯ ರೂಪವನ್ನೇ ಬಳಸಬೇಕು: ಚಿತ್ರದುರ್ಗ ಅಂದಿನ ದಾಖಲೆಗಳಲ್ಲಿ ಚಿತಲ್‌ಡ್ರೂಗ್, ದಕ್ಷಿಣ ಕನ್ನಡ ಸೌತ್ ಕೆನರಾ, ಕೊಡಗು ಕೂರ್ಗ್. "ಮೈಸೂರು" ಎಂದಿದ್ದರೆ ಅದು ಜಿಲ್ಲೆಯೋ ಇಡೀ ಸಂಸ್ಥಾನವೋ ಎಂದು ಪಕ್ಕದ ವಿವರಗಳಿಂದಲೇ ತಿಳಿಯಬೇಕು.

ದಾಖಲೆ ಕಚೇರಿಗೆ ಅರ್ಜಿ ಬರೆಯುವುದು

ಸಂಖ್ಯೆ ಮತ್ತು ಪಡೆ ಗೊತ್ತಾದ ಮೇಲೆ, ಆ ಪಡೆಯ ದಾಖಲೆಗಳನ್ನು ಇಂದು ನೋಡಿಕೊಳ್ಳುವ ಕಚೇರಿಗೆ ಬರೆಯಬೇಕು. ಮದ್ರಾಸ್ ರೆಜಿಮೆಂಟಿನ ದಾಖಲೆಗಳಿಗೆ ನೀಲಗಿರಿಯ ವೆಲ್ಲಿಂಗ್ಟನ್, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಪಯೊನಿಯರ್ ಕೋರ್‌ಗೆ ಬೆಂಗಳೂರು, ಫಿರಂಗಿ ದಳಕ್ಕೆ ನಾಸಿಕ್ ರಸ್ತೆ, ಸೇನಾ ವೈದ್ಯಕೀಯ ದಳಕ್ಕೆ ಲಖನೌ, ಯಂತ್ರ ದುರಸ್ತಿ ಮತ್ತು ಶಸ್ತ್ರಾಗಾರ ದಳಗಳಿಗೆ ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್ಪುರ. ಸರಬರಾಜು ಮತ್ತು ಸಾರಿಗೆಯ ದಳ ಇಂದು ಆರ್ಮಿ ಸರ್ವಿಸ್ ಕೋರ್; ಅದರ ದಕ್ಷಿಣದ ದಾಖಲೆ ಕಚೇರಿ ಬೆಂಗಳೂರಿನಲ್ಲಿದೆ. ವಾಯುಪಡೆಯವರಿಗೆ ದೆಹಲಿಯ ಸುಬ್ರತೊ ಪಾರ್ಕಿನ ದಾಖಲೆ ಕಚೇರಿ, ನೌಕಾಪಡೆಯ ನಾವಿಕರಿಗೆ ಮುಂಬಯಿಯ ಮಾನ್‌ಖುರ್ದಿನಲ್ಲಿರುವ ಬ್ಯೂರೊ ಆಫ್ ಸೇಲರ್ಸ್.

ಏನನ್ನು ಕೇಳಬೇಕೆಂಬುದು ಎಲ್ಲಿ ಕೇಳಬೇಕೆಂಬುದಕ್ಕಿಂತ ಮುಖ್ಯ. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಪೂರ್ಣ ಸೇವಾ ಕಡತವನ್ನು 25 ವರ್ಷಗಳ ನಂತರ ನಾಶಪಡಿಸುವುದು ಸೇನಾ ನಿಯಮ. ಯುದ್ಧ ಮುಗಿದೊಡನೆ 1946, 1947ರಲ್ಲಿ ಮನೆಗೆ ಕಳುಹಿಸಲಾದ ಲಕ್ಷಾಂತರ ಮಂದಿ ಈ ಗುಂಪಿಗೆ ಸೇರಿದವರು, ಆದ್ದರಿಂದ "ಸೇವಾ ದಾಖಲೆ ಕೊಡಿ" ಎಂದಷ್ಟೇ ಬರೆದರೆ "ನಾಶಪಡಿಸಲಾಗಿದೆ" ಎಂಬ ಒಂದು ಸಾಲಿನ ಉತ್ತರ ಬಂದು ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಆದರೆ ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರ್ ಬೇರೆಯೇ ಇದೆ. ಅದರಲ್ಲಿ ಸಂಖ್ಯೆಯ ಅನುಕ್ರಮದಲ್ಲಿ ಪ್ರತಿಯೊಬ್ಬನ ಹೆಸರು, ಭರ್ತಿಯ ದಿನಾಂಕ, ಬಿಡುಗಡೆಯ ದಿನಾಂಕ, ಅದರ ಕಾರಣ ದಾಖಲಾಗಿರುತ್ತದೆ. ಕಡತ ನಾಶವಾದ ಮೇಲೂ ಪಿಂಚಣಿ ವ್ಯಾಜ್ಯಗಳಲ್ಲಿ ಸೇನೆ ನ್ಯಾಯಾಲಯದ ಮುಂದೆ ಇಡುವುದು ಈ ರಿಜಿಸ್ಟರಿನ ನಮೂದನ್ನೇ. ಹಾಗಾಗಿ ಅರ್ಜಿಯಲ್ಲಿ ಲಾಂಗ್ ರೋಲಿನ ನಮೂದಿನ ಪ್ರತಿ, ಶೀಟ್ ರೋಲ್ (ಸೈನಿಕನ ವೈಯಕ್ತಿಕ ಸೇವಾ ವಿವರಗಳ ಹಾಳೆ) ಉಳಿದಿದ್ದರೆ ಅದರ ಪ್ರತಿ, ಪದಕಗಳ ಪಟ್ಟಿಯಲ್ಲಿನ ನಮೂದು, ಮತ್ತು ಯಾವುದಾದರೂ ನಾಶವಾಗಿದ್ದರೆ ಯಾವ ದಿನಾಂಕದಂದು ಯಾವ ಆದೇಶದ ಮೇರೆಗೆ ಎಂಬ ವಿವರ, ಹೀಗೆ ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳಬೇಕು.

ಮೊದಲ ಪತ್ರವನ್ನು ಮಾಹಿತಿ ಹಕ್ಕಿನ ಅರ್ಜಿಯಾಗಿ ಅಲ್ಲದೆ ವಂಶಸ್ಥರ ವಿನಂತಿಯಾಗಿ ಬರೆಯುವುದು ಉತ್ತಮವೆಂದು ನಾನು ನಂಬುತ್ತೇನೆ. ರೆಜಿಮೆಂಟಿನ ಹಳೆಯ ಸೈನಿಕರ ಮನೆಯವರೆಂಬ ಭಾವನೆಗೆ ಈ ಕಚೇರಿಗಳಲ್ಲಿ ಬೆಲೆಯಿದೆ. ಮೃತರ ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ಪಡೆದ ವಂಶವೃಕ್ಷ, ಅರ್ಜಿದಾರರ ಗುರುತಿನ ಚೀಟಿ ಮತ್ತು ಮನೆಯಲ್ಲಿ ಸಿಕ್ಕ ಕಾಗದಗಳ ನಕಲುಗಳನ್ನು ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ಕಳುಹಿಸಬಾರದು. ಎರಡು ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದೊಂದಿಗೆ ಅರ್ಜಿ ಹಾಕಬೇಕು; 30 ದಿನಗಳೊಳಗೆ ಉತ್ತರಿಸುವುದು ಕಡ್ಡಾಯ. ಕಚೇರಿ ತಪ್ಪಾಗಿದ್ದರೆ ಕಲಂ 6(3)ರ ಪ್ರಕಾರ ಅರ್ಜಿಯನ್ನು ಸರಿಯಾದ ಪ್ರಾಧಿಕಾರಕ್ಕೆ ವರ್ಗಾಯಿಸುವುದು ಅವರ ಹೊಣೆ. ವೈಯಕ್ತಿಕ ಮಾಹಿತಿಯೆಂದು ನಿರಾಕರಿಸಿದರೆ, 20 ವರ್ಷಕ್ಕಿಂತ ಹಳೆಯ ಘಟನೆಗಳ ಮಾಹಿತಿಯನ್ನು ಕೆಲವೇ ಕಾರಣಗಳ ಹೊರತು ತಡೆಹಿಡಿಯಬಾರದೆಂಬ ಕಲಂ 8(3)ನ್ನು ಮೇಲ್ಮನವಿಯಲ್ಲಿ ಎತ್ತಿ ತೋರಿಸಬೇಕು. ಮೊದಲ ಮೇಲ್ಮನವಿಗೆ 30 ದಿನಗಳ ಗಡುವಿದೆ, ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗುವ ಎರಡನೆಯದಕ್ಕೆ 90 ದಿನಗಳ ಗಡುವು.

ಇದರ ಜೊತೆಗೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಖುದ್ದಾಗಿ ಹೋಗಿ ಬರಬೇಕು. ಎರಡನೆಯ ಮಹಾಯುದ್ಧದ ಮಾಜಿ ಸೈನಿಕರಿಗೂ ಅವರ ಪತ್ನಿಯರಿಗೂ ಧನಸಹಾಯ ಕೊಡುತ್ತಿದ್ದುದರಿಂದ, ಅದಕ್ಕಾಗಿ ಅಜ್ಜ ಅಥವಾ ಅಜ್ಜಿ ಎಂದಾದರೂ ಅರ್ಜಿ ಹಾಕಿದ್ದರೆ ಸೇನಾ ಸಂಖ್ಯೆ ಅಲ್ಲಿನ ರಿಜಿಸ್ಟರಿನಲ್ಲಿ ಇರುತ್ತದೆ.

ಯುದ್ಧದಲ್ಲಿ ಮಡಿದವರಿದ್ದರೆ

ಮರಳಿ ಬಾರದವರ ಹುಡುಕಾಟ, ಬೇಸರದ ಸಂಗತಿಯಾದರೂ, ಮರಳಿ ಬಂದವರ ಹುಡುಕಾಟಕ್ಕಿಂತ ಸುಲಭ. 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತನ್ನ ಪಟ್ಟಿಯನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ಸತ್ತವರು ಅದರ ವ್ಯಾಪ್ತಿಗೆ ಬರುತ್ತಾರೆ. ಗುಂಡೇಟಿನಿಂದಲೇ ಸತ್ತಿರಬೇಕೆಂದಿಲ್ಲ, ಸೇನಾ ಆಸ್ಪತ್ರೆಯಲ್ಲಿ ಮಲೇರಿಯಾದಿಂದ ತೀರಿಕೊಂಡವರೂ ಸೇರಿದ್ದಾರೆ. ಹುಡುಕುವಾಗ ಹೆಸರಿನ ಜಾಗ ಖಾಲಿ ಬಿಟ್ಟು, ಸೇನೆಯ ಜಾಗದಲ್ಲಿ ಭಾರತೀಯ ಸೇನೆಯನ್ನು ಆರಿಸಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಊರಿನ ಅಥವಾ ಜಿಲ್ಲೆಯ ಹಳೆಯ ಹೆಸರನ್ನು ಹಾಕಿ ನೋಡಬೇಕು. ಎರಡನೆಯ ಮಹಾಯುದ್ಧದ ನಮೂದುಗಳಲ್ಲಿ ಅನೇಕ ಕಡೆ "ಇಂಥವರ ಮಗ, ಇಂಥವಳ ಗಂಡ, ಇಂಥ ಊರಿನವನು" ಎಂಬ ಒಂದು ಸಾಲು ಇರುತ್ತದೆ. ಅದರಲ್ಲಿ ಮುತ್ತಜ್ಜಿಯ ಹೆಸರನ್ನು ಕಂಡಾಗ ಇದು ನಮ್ಮವರೇ ಎಂಬುದು ನಿಶ್ಚಯವಾಗುತ್ತದೆ.

ಸಮಾಧಿಯ ಫೋಟೋ ಸಿಗಲಿಲ್ಲವೆಂದು ಮನೆಯವರು ನೊಂದುಕೊಳ್ಳಬಾರದು. ಹಿಂದೂ ಸೈನಿಕರಲ್ಲಿ ಅನೇಕರ ದಹನವಾಯಿತು, ಅವರ ಹೆಸರುಗಳನ್ನು ಸ್ಮಾರಕಗಳ ಫಲಕಗಳಲ್ಲಿ ಕೆತ್ತಲಾಗಿದೆ. ಮಲಯ ಮತ್ತು ಸಿಂಗಪುರದಲ್ಲಿ ಸತ್ತು ಸಮಾಧಿ ಗೊತ್ತಿಲ್ಲದವರಿಗೆ ಕ್ರಾಂಜಿಯ ಸಿಂಗಪುರ ಸ್ಮಾರಕ, ಅಲ್ಲಿ 24 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಬರ್ಮಾಕ್ಕೆ ಟೌಕ್ಯಾನಿನ ರಂಗೂನ್ ಸ್ಮಾರಕ, ಅಲ್ಲಿ ಸುಮಾರು 27 ಸಾವಿರ. ಮೊದಲನೆಯ ಯುದ್ಧದ ಫ್ರಾನ್ಸಿಗೆ ನೂವ್ ಶಪೆಲ್, ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕ್) ಬಸ್ರಾ ಸ್ಮಾರಕ; ಆದರೆ ಬಸ್ರಾದ ಫಲಕಗಳಲ್ಲಿ ಭಾರತೀಯ ಸಿಪಾಯಿಗಳ ಹೆಸರುಗಳನ್ನು ಕೆತ್ತಿಲ್ಲ, ಪಡೆವಾರು ಸಂಖ್ಯೆ ಮಾತ್ರ ಇದೆ. ನಮೂದಿನಲ್ಲಿರುವ ಫಲಕ ಸಂಖ್ಯೆಯನ್ನು ಬರೆದುಕೊಂಡರೆ, ಸಿಂಗಪುರದಲ್ಲಿ ನೆಲೆಸಿರುವ ನೆಂಟರೋ ಊರಿನವರೋ ನೇರವಾಗಿ ಆ ಫಲಕದ ಮುಂದೆ ಹೋಗಿ ನಿಲ್ಲಬಹುದು.

ಸೆರೆಯಾದವರು, ಆಜಾದ್ ಹಿಂದ್ ಫೌಜಿಗೆ ಸೇರಿದವರು

ಸಿಂಗಪುರ ಶರಣಾದ ಎರಡು ದಿನಗಳ ಮೇಲೆ, 1942ರ ಫೆಬ್ರುವರಿ 17ರಂದು, ಫಾರರ್ ಪಾರ್ಕಿನಲ್ಲಿ ಭಾರತೀಯ ಸೈನಿಕರನ್ನು ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಅಲ್ಲಿಂದ ಮುಂದೆ ಒಂದೇ ಪಡೆಯವರ ದಾರಿಗಳು ಕವಲೊಡೆದವು: ಕೆಲವರು ಇಂಡಿಯನ್ ನ್ಯಾಷನಲ್ ಆರ್ಮಿಗೆ (ಐ.ಎನ್.ಎ., ಅಂದರೆ ಆಜಾದ್ ಹಿಂದ್ ಫೌಜಿಗೆ) ಸೇರಿದರು, ಸೇರಲೊಪ್ಪದ ಸಾವಿರಾರು ಮಂದಿಯನ್ನು ಹಡಗುಗಳಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗಾಗಿ ಸಾಗಿಸಲಾಯಿತು, ಅಲ್ಲಿ ಹಸಿವು ಮತ್ತು ರೋಗಗಳಿಂದ ಬಹಳ ಮಂದಿ ಸತ್ತರು. ಮನೆಯಲ್ಲಿ "ತಾತ ಜಪಾನಿನವರ ಸೆರೆಯಲ್ಲಿದ್ದರು" ಎಂಬ ಮಾತಿದ್ದರೆ ಈ ಎರಡೂ ಸಾಧ್ಯತೆಗಳನ್ನು ಪರೀಕ್ಷಿಸಬೇಕು. ದ್ವೀಪಗಳಲ್ಲಿ ಸತ್ತವರಿಗಾಗಿ ರಬೌಲಿನ ಬಿಟಾ ಪಾಕಾ ಮತ್ತು ಲೇ ಯುದ್ಧ ಸ್ಮಶಾನಗಳ ಪಟ್ಟಿಗಳನ್ನು ನೋಡಬೇಕು. ಬದುಕುಳಿದವರನ್ನು 1945ರಲ್ಲಿ ಬಿಡಿಸಿದ್ದು ಆಸ್ಟ್ರೇಲಿಯಾದ ಸೇನೆ. ಆಗ ತೆಗೆದ ಚಿತ್ರಗಳು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಸಂಗ್ರಹದಲ್ಲಿ ಅಂತರ್ಜಾಲದಲ್ಲಿಯೇ ಸಿಗುತ್ತವೆ, ಕೆಲವು ಚಿತ್ರಗಳ ಕೆಳಗೆ ಸೈನಿಕರ ಹೆಸರೂ ಪಡೆಯೂ ಇವೆ.

ಐ.ಎನ್.ಎ.ಗೆ ಸೇರಿದವರ ವಿಷಯದಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಐ.ಎನ್.ಎ. ಕಾಗದಪತ್ರಗಳು ಮುಖ್ಯ. ಅದರ ಜೊತೆಗೆ, 1972ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಐ.ಎನ್.ಎ. ಸೈನಿಕರೂ ಅರ್ಹರಾಗಿದ್ದರು, ಅದಕ್ಕೆ ಅರ್ಜಿ ಹಾಕಿದವರ ಕಡತದಲ್ಲಿ ಸೆರೆವಾಸದ ವಿವರ, ಸಹ ಸೈನಿಕರ ಹೇಳಿಕೆಗಳು ಇರುವ ಸಾಧ್ಯತೆಯಿದೆ. ಅರ್ಜಿ ತಿರಸ್ಕೃತವಾಗಿದ್ದರೂ ಕಡತಕ್ಕೆ ಬೆಲೆ ಕಡಿಮೆಯಾಗುವುದಿಲ್ಲ.

ವ್ಯಕ್ತಿಯಿಂದ ಪಡೆಗೆ: ಯುದ್ಧದ ದಿನಚರಿ

ವೈಯಕ್ತಿಕ ಕಡತ ಸಿಗದಿದ್ದಾಗ, ಮತ್ತು ಹೆಚ್ಚಿನವರಿಗೆ ಅದು ಸಿಗುವುದಿಲ್ಲ, ಅಜ್ಜನ ಯುದ್ಧವನ್ನು ತಿಳಿಯುವ ದಾರಿ ಆತನ ಪಡೆಯ ವಾರ್ ಡೈರಿ. ರಣರಂಗದಲ್ಲಿದ್ದ ಪ್ರತಿ ಬೆಟಾಲಿಯನ್, ಪ್ರತಿ ಸ್ಯಾಪರ್ ಕಂಪನಿ, ಪ್ರತಿ ಆಸ್ಪತ್ರೆ ತಿಂಗಳಿಗೊಂದರಂತೆ ಇದನ್ನು ಬರೆಯಬೇಕಾಗಿತ್ತು. ಪುಟದಲ್ಲಿ ಸ್ಥಳ, ದಿನಾಂಕ, ಗಂಟೆ, ನಡೆದ ಸಂಗತಿ ಎಂಬ ಅಂಕಣಗಳಿರುತ್ತವೆ: ಇಂಥ ನದಿಗೆ ಸೇತುವೆ ಕಟ್ಟಲು ಆರಂಭಿಸಿದ್ದು, ಮಳೆಗೆ ರಸ್ತೆ ಕೊಚ್ಚಿಹೋದದ್ದು, ರಾತ್ರಿ ಬಾಂಬು ಬಿದ್ದು ಇಬ್ಬರು ಗಾಯಗೊಂಡದ್ದು, ಅಕ್ಕಿ ಬಾರದೆ ಹಿಟ್ಟು ಬಂದದ್ದು. ಸಿಪಾಯಿಯ ಹೆಸರು ಅದರಲ್ಲಿ ಅಪರೂಪ, ಜಮಾದಾರ್ ಸುಬೇದಾರರ ಹೆಸರು ಆಗಾಗ, ಅಧಿಕಾರಿಗಳದು ಧಾರಾಳ. ಆದರೂ ಲಾಂಗ್ ರೋಲಿನಿಂದ ಸಿಕ್ಕ ದಿನಾಂಕಗಳನ್ನು ಈ ಪುಟಗಳ ಪಕ್ಕದಲ್ಲಿಟ್ಟು ಓದಿದಾಗ, ಮನೆಯಲ್ಲಿ ಕೇಳಿದ ಚೂರು ಮಾತುಗಳು ಯಾವ ಊರಿನವು, ಯಾವ ತಿಂಗಳಿನವು ಎಂದು ಹೊಂದಿಕೊಳ್ಳುತ್ತ ಹೋಗುತ್ತವೆ. ಈ ಇಡೀ ಕೆಲಸದಲ್ಲಿ ಅತ್ಯಂತ ತೃಪ್ತಿ ಕೊಡುವ ಘಟ್ಟ ಇದೇ, ಆದ್ದರಿಂದ ಇದಕ್ಕೆ ಸಮಯ ಮೀಸಲಿಡಬೇಕು.

ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೊದಲನೆಯ ಯುದ್ಧದ ದಿನಚರಿಗಳು ಡಬ್ಲ್ಯು.ಓ. (ವಾರ್ ಆಫೀಸ್) 95 ಎಂಬ ಶ್ರೇಣಿಯಲ್ಲಿವೆ. ಎರಡನೆಯ ಯುದ್ಧಕ್ಕೆ ಮಧ್ಯಪ್ರಾಚ್ಯದವು ಡಬ್ಲ್ಯು.ಓ. 169, ಇಟಲಿಯವು 170, ಬರ್ಮಾ ಮತ್ತು ಆಗ್ನೇಯ ಏಷ್ಯಾದವು 172. ಸೂಚಿಯನ್ನು ಮನೆಯಿಂದಲೇ ಉಚಿತವಾಗಿ ನೋಡಬಹುದು. ಪ್ರತಿ ಪಡೆಯಲು ಹಣ ಕಟ್ಟಬೇಕು, ಇಲ್ಲವೇ ಇಂಗ್ಲೆಂಡಿನಲ್ಲಿರುವ ಮಗನೋ ಸೊಸೆಯೋ ಒಂದು ದಿನ ಅಲ್ಲಿಗೆ ಹೋಗಿ ಓದುಗರ ಚೀಟಿ ಮಾಡಿಸಿಕೊಂಡು ತಮ್ಮ ಕ್ಯಾಮೆರಾದಲ್ಲಿಯೇ ಪುಟಗಳ ಚಿತ್ರ ತೆಗೆದುಕೊಳ್ಳಬಹುದು. ನಮ್ಮ ರಾಷ್ಟ್ರೀಯ ಪತ್ರಾಗಾರವೂ ಯುದ್ಧಕಾಲದ ಸೇನಾ ಕಡತಗಳನ್ನು ಹೊಂದಿದೆ, ಅದರ ಅಭಿಲೇಖ್ ಪಟಲ್ ಎಂಬ ಜಾಲತಾಣದಲ್ಲಿ ಪಡೆಯ ಹೆಸರು ಹಾಕಿ ಹುಡುಕಬಹುದು. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್‌ನ ಗ್ರಂಥಾಲಯದಲ್ಲಿ ಹಳೆಯ ರೆಜಿಮೆಂಟುಗಳ ಇತಿಹಾಸಗಳು ಓದಲು ಸಿಗುತ್ತವೆ. ಪಂಜಾಬಿನ ಹಳ್ಳಿಗಳಿಂದ ಮೊದಲನೆಯ ಯುದ್ಧಕ್ಕೆ ಹೋದವರ ರಿಜಿಸ್ಟರುಗಳು 2021ರಲ್ಲಿ ಅಂತರ್ಜಾಲಕ್ಕೆ ಬಂದವೆಂಬ ಸುದ್ದಿ ಓದಿ ಅಲ್ಲಿ ಹುಡುಕುವವರಿದ್ದಾರೆ. ಅದು ಪಂಜಾಬಿಗೆ ಮಾತ್ರ ಸಂಬಂಧಿಸಿದ್ದು, ಕನ್ನಡನಾಡಿನವರ ಹೆಸರು ಅದರಲ್ಲಿ ಸಿಗುವುದಿಲ್ಲ.

ಶೌರ್ಯ ಪದಕ ಪಡೆದವರ ವಿಷಯದಲ್ಲಿ ಕೆಲಸ ಹಗುರ. ಪ್ರಶಸ್ತಿಗಳನ್ನು ಲಂಡನ್ ಗೆಜೆಟ್‌ನಲ್ಲಿ ಪ್ರಕಟಿಸುತ್ತಿದ್ದರು, ಅದರ ಹಳೆಯ ಸಂಚಿಕೆಗಳನ್ನು ಉಚಿತವಾಗಿ ಹುಡುಕಬಹುದು. ಎರಡನೆಯ ಯುದ್ಧದ ಶಿಫಾರಸು ಪತ್ರಗಳು ಕ್ಯೂನ ಡಬ್ಲ್ಯು.ಓ. 373 ಶ್ರೇಣಿಯಲ್ಲಿದ್ದು, ಆತ ಎಂದು, ಎಲ್ಲಿ, ಏನು ಮಾಡಿದನೆಂಬುದನ್ನು ಅವು ವಿವರವಾಗಿ ಹೇಳುತ್ತವೆ. ಕಮಿಷನ್ ಪಡೆದ ಅಧಿಕಾರಿಗಳಾಗಿದ್ದರೆ ಆಯಾ ವರ್ಷದ ಇಂಡಿಯನ್ ಆರ್ಮಿ ಲಿಸ್ಟ್ ನೋಡಬೇಕು. ಯುದ್ಧಕ್ಕೆ ಹೋದವರು ಅಜ್ಜಂದಿರೇ ಎಂದು ಭಾವಿಸುವುದೂ ಸರಿಯಲ್ಲ: 1942ರಿಂದ ವಿಮೆನ್ಸ್ ಆಕ್ಸಿಲಿಯರಿ ಕೋರ್‌ನಲ್ಲಿಯೂ, ಮಿಲಿಟರಿ ನರ್ಸಿಂಗ್ ಸೇವೆಯಲ್ಲಿಯೂ ಹೆಣ್ಣುಮಕ್ಕಳು ದುಡಿದಿದ್ದಾರೆ, ಅವರ ದಾಖಲೆ ತವರಿನ ಹೆಸರಿನಲ್ಲಿರಬಹುದು.

1947ರ ನಂತರದ ಯುದ್ಧಗಳಲ್ಲಿ ಮಡಿದವರ ಹೆಸರುಗಳು 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿವೆ. ಆ ಯುದ್ಧಗಳ ದಿನಚರಿಗಳನ್ನು ಸಾಮಾನ್ಯವಾಗಿ 25 ವರ್ಷಗಳ ನಂತರ ಮುಕ್ತಗೊಳಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸುವ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಒಪ್ಪಿದೆ, ಆದ್ದರಿಂದ 1962, 1965, 1971ರಲ್ಲಿ ಸೇವೆಯಲ್ಲಿದ್ದವರ ಮಕ್ಕಳು ಅಲ್ಲಿನ ಸೂಚಿಯನ್ನು ಆಗಾಗ ಗಮನಿಸುತ್ತಿರಬೇಕು.

ಸಿಕ್ಕಿದ್ದನ್ನು ಬರೆದಿಡುವುದು ಮತ್ತು ತಿದ್ದಿಸುವುದು

ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆದಿಡಬೇಕು: ಮನೆಯವರ ಬಾಯಿಮಾತೇ, ಪದಕದ ಮೇಲಿನ ಅಕ್ಷರವೇ, ಕಚೇರಿಯ ಪತ್ರವೇ ಎಂಬುದು ಬೇರೆ ಬೇರೆಯಾಗಿ ಕಾಣುವಂತಿರಬೇಕು. ಹೆಸರು ಮಾತ್ರ ಹೊಂದಿ ತಂದೆಯ ಹೆಸರೋ ಊರೋ ಹೊಂದದಿದ್ದರೆ ಅದನ್ನು ನಮ್ಮವರೆಂದು ಸೇರಿಸಿಕೊಳ್ಳಬಾರದು; ಒಂದೇ ಪಡೆಯಲ್ಲಿ ಹಲವಾರು ಮುನಿಸ್ವಾಮಿಗಳು ಇದ್ದರು, ಬೇರೊಂದು ಮನೆಯವರ ಸೇವೆಯನ್ನು ನಾವು ತೆಗೆದುಕೊಂಡಂತಾಗುತ್ತದೆ. ವಾರ್ ಗ್ರೇವ್ಸ್ ಕಮಿಷನ್ನಿನ ನಮೂದಿನಲ್ಲಿ ಹೆಸರು, ಊರು ಅಥವಾ ಹೆತ್ತವರ ಹೆಸರು ತಪ್ಪಾಗಿದ್ದರೆ, ಅಥವಾ ಸೇವೆಯಲ್ಲಿದ್ದಾಗ ಸತ್ತವರ ಹೆಸರೇ ಬಿಟ್ಟುಹೋಗಿದ್ದರೆ, ಅಂದಿನ ಕಾಲದ ಅಧಿಕೃತ ದಾಖಲೆಗಳೊಂದಿಗೆ ಬರೆದರೆ ಅವರು ಪರಿಶೀಲಿಸಿ ತಿದ್ದುತ್ತಾರೆ. ದಾಖಲೆ ಕಚೇರಿಯಿಂದ ಬಂದ ಲಾಂಗ್ ರೋಲಿನ ಪ್ರತಿ, ಪಿಂಚಣಿ ಆದೇಶ ಮತ್ತು ವಂಶವೃಕ್ಷಗಳನ್ನು ಸ್ಕ್ಯಾನ್ ಮಾಡಿ, ಕನ್ನಡದ ಕಾಗದಗಳಿದ್ದರೆ ಅವುಗಳ ಇಂಗ್ಲಿಷ್ ಸಾರಾಂಶವನ್ನೂ ಸೇರಿಸಿ, ಈಗಿರುವ ನಮೂದು ಯಾವುದು, ಇರಬೇಕಾದದ್ದು ಯಾವುದು ಎಂಬುದನ್ನು ಮೊದಲ ಎರಡು ಸಾಲುಗಳಲ್ಲಿಯೇ ಹೇಳಿ ಕಳುಹಿಸಬೇಕು.